ಲೈಂಗಿಕ ಶಿಕ್ಷಣ: ಕರ್ನಾಟಕದ ಸರಕಾರಿ ಶಾಲೆಗಳ ಕಾನೂನು ಮತ್ತು ನೀತಿ

ದೇಹದ ಬೆಳವಣಿಗೆ, ಸಂತಾನೋತ್ಪತ್ತಿ, ಗಂಡು ಹೆಣ್ಣಿನ ಸಂಬಂಧ, ಒಪ್ಪಿಗೆ, ಲೈಂಗಿಕ ದೌರ್ಜನ್ಯದಿಂದ ರಕ್ಷಣೆ, ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳು ಇವುಗಳ ಕುರಿತು ಮಕ್ಕಳ ವಯಸ್ಸಿಗೆ ತಕ್ಕಂತೆ ಶಾಲೆಯಲ್ಲಿ ಕೊಡುವ ತಿಳಿವಳಿಕೆಯನ್ನು ಲೈಂಗಿಕ ಶಿಕ್ಷಣ ಎನ್ನುತ್ತಾರೆ. ಕರ್ನಾಟಕದಲ್ಲಿ ಇದನ್ನು ಹೆಸರಿಟ್ಟು ಕಡ್ಡಾಯ ಮಾಡಿದ ಕಾಯ್ದೆ ಇಲ್ಲ, ನಿಷೇಧಿಸಿದ ಕಾಯ್ದೆಯೂ ಇಲ್ಲ. ಇರುವುದು ಸುತ್ತೋಲೆಗಳು, ಯೋಜನೆಗಳು, ನ್ಯಾಯಾಲಯದ ಸೂಚನೆಗಳು, ವಿಜ್ಞಾನ ಪುಸ್ತಕದ ಒಂದೆರಡು ಪಾಠಗಳು. ಇವುಗಳಲ್ಲಿ ಹೆಚ್ಚಿನವು ‘ಲೈಂಗಿಕ ಶಿಕ್ಷಣ’ ಎಂಬ ಪದವನ್ನು ಬಳಸುವುದೇ ಇಲ್ಲ.

ನೀತಿ ಹುಟ್ಟುವುದು ದೆಹಲಿಯಲ್ಲಿ, ಬೆಂಗಳೂರಿನಲ್ಲಿ. ಅದು ಬಂದು ತಲುಪುವುದು ಯಡ್ತರೆಯಂಥ ಊರಿಗೆ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬೈಂದೂರಿಗೆ ತಾಗಿಕೊಂಡಿರುವ ಯಡ್ತರೆ ಉಡುಪಿ ಜಿಲ್ಲೆಯ ಬಡಗಣ ತುದಿಯಲ್ಲಿದೆ. ಇನ್ನೂ ಮುಂದೆ ಶಿರೂರು ದಾಟಿದರೆ ಭಟ್ಕಳ, ಉತ್ತರ ಕನ್ನಡ. ಹಿಂದೆ ಕುಂದಾಪುರ ತಾಲ್ಲೂಕಿಗೆ ಸೇರಿದ್ದ ಈ ಭಾಗ ಈಗ ಬೈಂದೂರು ತಾಲ್ಲೂಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಬೈಂದೂರು, ಕುಂದಾಪುರ, ಬ್ರಹ್ಮಾವರ, ಉಡುಪಿ, ಕಾರ್ಕಳ ಎಂದು ಜಿಲ್ಲೆಗೆ ಐದು ವಲಯಗಳು. ಸುತ್ತೋಲೆ ಉಪನಿರ್ದೇಶಕರ ಕಚೇರಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಂದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ), ಅಲ್ಲಿಂದ ಮುಖ್ಯೋಪಾಧ್ಯಾಯರ ಮೊಬೈಲಿಗೆ ಇಳಿಯುತ್ತದೆ. ಕೊನೆಗೆ ಅದನ್ನು ಬಾಯಿಬಿಟ್ಟು ಹೇಳಬೇಕಾದವರು ವಿಜ್ಞಾನದ ಟೀಚರ್.

ಹೆಸರುಗಳು

ಕರ್ನಾಟಕದಲ್ಲಿ ಈ ವಿಷಯದ ಚರಿತ್ರೆಯೆಂದರೆ ಬಹುಪಾಲು ಅದರ ಹೆಸರುಗಳ ಚರಿತ್ರೆ. 1980ರ ದಶಕದಲ್ಲಿ ಅದು ‘ಜನಸಂಖ್ಯಾ ಶಿಕ್ಷಣ’ ಆಗಿತ್ತು. ಆಮೇಲೆ ‘ಹದಿಹರೆಯದ ಶಿಕ್ಷಣ’ವಾಯಿತು. ಏಡ್ಸ್ ಭಯದ ಕಾಲದಲ್ಲಿ ‘ಏಡ್ಸ್ ಜಾಗೃತಿ’, ನಂತರ ‘ಜೀವನ ಕೌಶಲ ಶಿಕ್ಷಣ’, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಬಂದ ಮೇಲೆ ‘ಮಕ್ಕಳ ಸುರಕ್ಷತೆ’, ಈಗ ‘ಆರೋಗ್ಯ ಮತ್ತು ಯೋಗಕ್ಷೇಮ’. ಹೆಸರು ಬದಲಾದಾಗ ಒಳಗಿನ ಮಾತೂ ಬದಲಾಗಿದೆ. ಜನಸಂಖ್ಯಾ ಶಿಕ್ಷಣದಲ್ಲಿ ದೇಶದ ಜನಸಂಖ್ಯೆ ಇತ್ತು, ಮಗುವಿನ ಮೈ ಇರಲಿಲ್ಲ. ಏಡ್ಸ್ ಜಾಗೃತಿಯಲ್ಲಿ ರೋಗ ಇತ್ತು, ಪ್ರೀತಿ ಇರಲಿಲ್ಲ. ಸುರಕ್ಷತೆಯ ಪಾಠದಲ್ಲಿ ‘ಕೆಟ್ಟ ಸ್ಪರ್ಶ’ ಬಂತು, ಹದಿನಾರರ ಹುಡುಗ ಹುಡುಗಿಯರಿಗೆ ಪರಸ್ಪರ ಹುಟ್ಟುವ ಆಸೆ ಬರಲಿಲ್ಲ.

ಮನೆಗಳಲ್ಲೂ ಇದೇ ರೀತಿ. ಕರಾವಳಿ ಮಲೆನಾಡುಗಳ ಹಳೆಯ ಮನೆಗಳಲ್ಲಿ ಮುಟ್ಟಿಗೆ ‘ಹೊರಗಾದದ್ದು’, ‘ಕಾಗೆ ಮುಟ್ಟಿದ್ದು’ ಎಂಬ ಮರೆಮಾತುಗಳಿದ್ದವು. ಹುಡುಗಿ ‘ದೊಡ್ಡವಳಾದಳು’, ‘ಮೈನೆರೆದಳು’ ಎಂದು ನೆರೆಕರೆಗೆಲ್ಲ ತಿಳಿಸಿ ಶಾಸ್ತ್ರ ಮಾಡುವ ಮನೆಯಲ್ಲೇ ಆ ಹುಡುಗಿಗೆ ಮೈಯಲ್ಲಿ ಏನಾಯಿತೆಂದು ಹೇಳುವವರು ಇರುತ್ತಿರಲಿಲ್ಲ. ದಕ್ಷಿಣಕ್ಕೆ ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗಿದ್ದಾಳೆಂದು ನೆಲಕ್ಕೆ ಹಾರೆ ಹಾಕದೆ ಬಿಡುತ್ತಾರೆ. ಭೂಮಿಯ ಮುಟ್ಟನ್ನು ಹಬ್ಬ ಮಾಡುವವರಿಗೂ ಮಗಳ ಮುಟ್ಟಿನ ಮಾತು ಬಿಸಿತುಪ್ಪವೇ. ಕುಂದಾಪುರ ಸೀಮೆಯ ಮಕ್ಕಳು ಯಕ್ಷಗಾನದಲ್ಲಿ ಶೃಂಗಾರವನ್ನು ಅಜ್ಜ ಅಜ್ಜಿಯರ ಪಕ್ಕದಲ್ಲೇ ಕುಳಿತು ನೋಡುತ್ತಾರೆ, ಹಾಸ್ಯಗಾರನ ದ್ವಂದ್ವಾರ್ಥಕ್ಕೆ ನಗುತ್ತಾರೆ. ಅದೇ ಅರ್ಥ ಪುಸ್ತಕದಲ್ಲಿ ನೆಟ್ಟಗೆ ಬಂದರೆ ತರಗತಿ ತಲೆ ತಗ್ಗಿಸುತ್ತದೆ. ಆದ್ದರಿಂದ ನಮ್ಮಲ್ಲಿ ಈ ವಿಷಯದ ಮಾತೇ ಇಲ್ಲವೆನ್ನುವುದು ಸರಿಯಲ್ಲ. ಮಾತು ಇದೆ, ಅದು ಬಳಸಿಕೊಂಡು ಬರುತ್ತದೆ.

ಬರವಣಿಗೆಯಲ್ಲಿ ಮಾತ್ರ ಕನ್ನಡ ಶಾಲೆಗಿಂತ ಮುಂದಿತ್ತು. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ (1934–1991) ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಮುಂತಾದ ಪುಸ್ತಕಗಳಲ್ಲಿ ಶಾಲೆ ಹೇಳದ್ದನ್ನು ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಸಿ.ಆರ್. ಚಂದ್ರಶೇಖರ್, ಲೈಂಗಿಕ ಆರೋಗ್ಯದ ವೈದ್ಯೆ ಪದ್ಮಿನಿ ಪ್ರಸಾದ್ ಇವರ ಬರಹಗಳು ಹದಿಹರೆಯದವರಿಗೂ ತಂದೆತಾಯಿಯರಿಗೂ ದಶಕಗಳ ಕಾಲ ದೊರೆತ ಕನ್ನಡದ ಅಧಿಕೃತ ತಿಳಿವಳಿಕೆ. ವಾರಪತ್ರಿಕೆಗಳ ‘ವೈದ್ಯರನ್ನು ಕೇಳಿ’ ಪುಟವನ್ನು ಕದ್ದು ಓದಿ ಕಲಿತ ತಲೆಮಾರು ಈಗ ಅದೇ ಶಾಲೆಗಳ ಪೋಷಕರ ಸಭೆಯಲ್ಲಿ ಕುಳಿತಿದೆ.

ಕಾನೂನಿನ ನೆಲೆ

ಶಿಕ್ಷಣ ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರ ಸಂವಿಧಾನದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ತಂದಿತು. ಹಾಗಾಗಿ ಕೇಂದ್ರ ಕಾರ್ಯಕ್ರಮ ರೂಪಿಸಬಹುದು, ಹಣ ಕೊಡಬಹುದು, ಪುಸ್ತಕ ಬರೆಸಬಹುದು. ರಾಜ್ಯದ ಪಠ್ಯಕ್ರಮದ ಶಾಲೆಗಳಲ್ಲಿ ಅದನ್ನು ಒಪ್ಪುವುದು ಬಿಡುವುದು ರಾಜ್ಯಕ್ಕೆ ಬಿಟ್ಟದ್ದು. 2007ರಲ್ಲಿ ಹಲವು ರಾಜ್ಯಗಳು ಕೇಂದ್ರದ ಕಾರ್ಯಕ್ರಮವನ್ನು ತಡೆಹಿಡಿದದ್ದು ಈ ಸಂದಿನಿಂದಲೇ.

ಕರ್ನಾಟಕ ಶಿಕ್ಷಣ ಅಧಿನಿಯಮ, 1983 ಜಾರಿಗೆ ಬಂದದ್ದು 1995ರಲ್ಲಿ. ಪಠ್ಯಕ್ರಮದಲ್ಲಿ ಏನೇನು ಇರಬಹುದು ಎಂದು ಹೇಳುವ ಅದರ 7ನೇ ಪ್ರಕರಣದಲ್ಲಿ ನೈತಿಕ ಶಿಕ್ಷಣ, ಜನಸಂಖ್ಯಾ ಶಿಕ್ಷಣ, ದೈಹಿಕ ಶಿಕ್ಷಣ, ಆರೋಗ್ಯ ಶಿಕ್ಷಣ, ಕ್ರೀಡೆ ಇವುಗಳ ಹೆಸರಿದೆ. ಲೈಂಗಿಕ ಶಿಕ್ಷಣ ಕಲಿಸಬೇಕೆನ್ನುವವರು ‘ಆರೋಗ್ಯ’ ಎಂಬ ಪದವನ್ನು ಹಿಡಿದರು, ಬೇಡವೆನ್ನುವವರು ‘ನೈತಿಕ’ ಎಂಬುದನ್ನು ಹಿಡಿದರು. ಎರಡೂ ಒಂದೇ ಪ್ರಕರಣದಲ್ಲಿ ಅಕ್ಕಪಕ್ಕದಲ್ಲೇ ಇವೆ. ಮಗುವನ್ನು ಈ ಪಾಠದಿಂದ ಹೊರಗಿಡಲು ಪೋಷಕರಿಗೆ ಹಕ್ಕಿದೆಯೇ ಎಂಬ ಪ್ರಶ್ನೆಗೆ ಅಮೆರಿಕದ ಹಲವು ರಾಜ್ಯಗಳ ಕಾನೂನು ವಿವರವಾದ ಉತ್ತರ ಕೊಡುತ್ತದೆ. ಕರ್ನಾಟಕದ ಕಾನೂನಿನಲ್ಲಿ ಆ ಪ್ರಶ್ನೆಯೇ ಎದ್ದಿಲ್ಲ. ಕಲಿಸಬೇಕೆಂಬ ವಿಧಿ ಇದ್ದರಲ್ಲವೇ ವಿನಾಯಿತಿ!

ಜನಸಂಖ್ಯೆಯಿಂದ ಹದಿಹರೆಯಕ್ಕೆ

1980ರಲ್ಲಿ ಆರಂಭವಾದ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆಯ ಕಾಳಜಿ ಚಿಕ್ಕ ಕುಟುಂಬದ್ದು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಿಂದ ನಡೆದ ಆ ಯೋಜನೆಯಲ್ಲಿ ಮಕ್ಕಳು ಜನಸಂಖ್ಯೆಯ ನಕ್ಷೆ ಬರೆದರು, ಪ್ರಬಂಧ ಬರೆದರು, ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದರು. ಜನಸಂಖ್ಯೆ ಹೇಗೆ ಹೆಚ್ಚುತ್ತದೆ ಎಂಬ ಮೂಲಭೂತ ಸಂಗತಿಯನ್ನು ಮಾತ್ರ ಯಾರೂ ಹೇಳಲಿಲ್ಲ. 1994ರಲ್ಲಿ ಕೈರೋದಲ್ಲಿ ನಡೆದ ಜನಸಂಖ್ಯೆ ಮತ್ತು ಅಭಿವೃದ್ಧಿಯ ಅಂತಾರಾಷ್ಟ್ರೀಯ ಸಮ್ಮೇಳನ ಲೆಕ್ಕದಿಂದ ವ್ಯಕ್ತಿಯ ಆರೋಗ್ಯ ಮತ್ತು ಹಕ್ಕುಗಳ ಕಡೆಗೆ ಗಮನ ತಿರುಗಿಸಿತು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು (ಎನ್‌ಸಿಇಆರ್‌ಟಿ) ‘ಹದಿಹರೆಯದ ಶಿಕ್ಷಣ’ ಎಂಬ ಮಾತನ್ನು ಬಳಕೆಗೆ ತಂದದ್ದು ಆ ವರ್ಷಗಳಲ್ಲೇ.

ಅದಕ್ಕೆ ಅವಸರ ತಂದದ್ದು ಎಚ್‌ಐವಿ. ಈ ಶತಮಾನದ ಆರಂಭದಲ್ಲಿ ದೇಶದಲ್ಲಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳೆಂದು ಗುರುತಿಸಿದ್ದು ಆಂಧ್ರಪ್ರದೇಶ, ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ಮಣಿಪುರ, ನಾಗಾಲ್ಯಾಂಡ್. 2005ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿದವು. ಪ್ರೌಢಶಾಲೆ ಮತ್ತು ಪಿಯು ಹಂತದಲ್ಲಿ ವರ್ಷಕ್ಕೆ 16 ಗಂಟೆಗಳ ಪಾಠ, ತರಬೇತಿ ಪಡೆದ ಶಿಕ್ಷಕರು, ಕೈಪಿಡಿ, ಚಿತ್ರಪಟ ಇವು ಅದರ ಅಂಗಗಳು. ಹೆಸರು ಬರೆಯದೆ ಚೀಟಿ ಹಾಕಲು ತರಗತಿಗೊಂದು ಪ್ರಶ್ನೆಪೆಟ್ಟಿಗೆಯೂ ಇತ್ತು. ಇಡೀ ಕಾರ್ಯಕ್ರಮದಲ್ಲಿ ಅತಿ ಜಾಣತನದ ಭಾಗ ಅದೇ ಎನ್ನಬಹುದು. ಬಾಯಲ್ಲಿ ಬಾರದ್ದು ಚೀಟಿಯಲ್ಲಿ ಬರುತ್ತದೆ.

2007ರ ತಿರುವು

ಗಲಾಟೆ ಎದ್ದದ್ದು ಚಿತ್ರಪಟದಿಂದ. ಗಂಡು ಹೆಣ್ಣಿನ ದೇಹದ ರೇಖಾಚಿತ್ರಗಳು ಅಶ್ಲೀಲವೆಂದು ಹಲವು ರಾಜ್ಯಗಳಲ್ಲಿ ಶಿಕ್ಷಕರ ಸಂಘಗಳು, ಪೋಷಕರು, ರಾಜಕೀಯ ಪಕ್ಷಗಳು ಆಕ್ಷೇಪಿಸಿದರು. ದೀನಾನಾಥ ಬಾತ್ರಾ ಅವರ ಮುಂದಾಳತ್ವದ ಶಿಕ್ಷಾ ಬಚಾವೋ ಆಂದೋಲನ ಇದನ್ನು ದೇಶಮಟ್ಟದ ಪ್ರಶ್ನೆ ಮಾಡಿತು. 2007ರಲ್ಲಿ ಒಂದಾದ ಮೇಲೊಂದು ರಾಜ್ಯ ಕಾರ್ಯಕ್ರಮವನ್ನು ತಡೆಹಿಡಿಯಿತು: ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಛತ್ತೀಸಗಢ, ಗೋವಾ, ಕೇರಳ, ಕರ್ನಾಟಕ. ಕಾಂಗ್ರೆಸ್ ಆಳುತ್ತಿದ್ದ ಮಹಾರಾಷ್ಟ್ರ, ಎಡರಂಗದ ಕೇರಳ, ಬಿಜೆಪಿಯ ಗುಜರಾತ್ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ಗಮನಿಸಬೇಕು. ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟುವುದು ಸುಲಭ, ಆದರೆ ದಾಖಲೆ ಹಾಗಿಲ್ಲ.

ಕರ್ನಾಟಕದಲ್ಲಿ ಆಗ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಜೆಡಿಎಸ್–ಬಿಜೆಪಿ ಸಮ್ಮಿಶ್ರ ಸರಕಾರ. ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾಗಿದ್ದವರು ಬಸವರಾಜ ಹೊರಟ್ಟಿ. ಶಾಸನಸಭೆ ಯಾವ ಕಾಯ್ದೆಯನ್ನೂ ಮಾಡಲಿಲ್ಲ. ಬೇಡವೆಂದು ಸರಕಾರ ತೀರ್ಮಾನಿಸಿತು, ಅಷ್ಟೇ. ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿದ್ದ ಕರ್ನಾಟಕ, ಮಹಾರಾಷ್ಟ್ರಗಳೇ ಪಾಠ ಬೇಡವೆಂದವರ ಪಟ್ಟಿಯಲ್ಲೂ ಸೇರಿದವು. ಅದೇ 2007ರ ಏಪ್ರಿಲ್‌ನಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು ಹೇಳಿದ ಮಕ್ಕಳು ಶೇ. 53.22. ಅದರಲ್ಲಿ ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳಿಗಿಂತ ಕಡಿಮೆಯಿರಲಿಲ್ಲ. ಚಿತ್ರಪಟದ ಜಗಳ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ನಡೆಯಿತು. ಈ ವರದಿ ಕೆಲವೇ ದಿನ ಸುದ್ದಿಯಲ್ಲಿತ್ತು.

ವಿರೋಧಿಸಿದವರೆಲ್ಲ ಅಜ್ಞಾನಿಗಳು ಎಂಬ ನಗರದ ತೀರ್ಪೂ ಅರೆಬೆಂದದ್ದು. ಹಳ್ಳಿಶಾಲೆಯ ಶಿಕ್ಷಕಿಯ ಆಕ್ಷೇಪದಲ್ಲಿ ಹುರುಳಿತ್ತು. ಎರಡು ಮೂರು ದಿನದ ತರಬೇತಿ ಕೊಟ್ಟು, ಗಂಡು ಹೆಣ್ಣು ಜತೆಗೆ ಕುಳಿತ ತರಗತಿಯಲ್ಲಿ ಆ ಪಟ ಬಿಡಿಸಿ ನಿಲ್ಲಬೇಕೆಂದರೆ, ಸಂಜೆ ಅದೇ ಊರಿನ ಬಸ್ಸಿನಲ್ಲಿ ಹೋಗಬೇಕಾದವಳು ಅವಳು. ಬೇಕಾಗಿದ್ದದ್ದು ಹೆಚ್ಚಿನ ತರಬೇತಿ, ಪೋಷಕರೊಡನೆ ಮೊದಲೇ ಮಾತುಕತೆ. 2001ರಿಂದಲೇ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿದ್ದವು. ಪೋಷಕರೊಡನೆ ಮಾತಾಡಲು ಕಟ್ಟಿದ ಆ ಜಗಲಿಯನ್ನು ಬಳಸಿಕೊಳ್ಳದೆ ಪಾಠವನ್ನೇ ನಿಲ್ಲಿಸಲಾಯಿತು.

2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ, ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ, ಈ ಪಾಠಗಳು ಜೀವಶಾಸ್ತ್ರದೊಳಗೆ ಅದೂ ಹತ್ತನೆಯ ತರಗತಿ ದಾಟಿದ ಮೇಲೆ ಇದ್ದರೆ ಸಾಕು ಎಂಬ ಅಭಿಪ್ರಾಯ ಕೊಟ್ಟಿತು. ಅದೇ ವರ್ಷ ಯುನೆಸ್ಕೊ ಲೈಂಗಿಕತೆಯ ಶಿಕ್ಷಣಕ್ಕೆ ಅಂತಾರಾಷ್ಟ್ರೀಯ ತಾಂತ್ರಿಕ ಮಾರ್ಗದರ್ಶಿಯನ್ನು ಹೊರತಂದಿತು (ಪರಿಷ್ಕರಣೆ 2018). ಪಾಠದಿಂದ ಮಕ್ಕಳು ದಾರಿತಪ್ಪುತ್ತಾರೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರವಿಲ್ಲವೆಂದು ಅದು ಹೇಳಿತು.

ಪೋಕ್ಸೊ ಬಾಯಿ ಬಿಡಿಸಿದ್ದು

ಶಿಕ್ಷಣ ಇಲಾಖೆ ಆಡದ ಮಾತನ್ನು ಅಪರಾಧ ಕಾನೂನು ಆಡಿಸಿತು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಎಲ್ಲರ ಬಾಯಲ್ಲಿ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂತು. 18 ತುಂಬದವರೆಲ್ಲ ಅದರ ಪ್ರಕಾರ ಮಕ್ಕಳು. ಅಪರಾಧದ ಸುಳಿವು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 19ನೇ ಪ್ರಕರಣ ಹೇಳುತ್ತದೆ. ತಿಳಿಸದಿದ್ದರೆ 21ನೇ ಪ್ರಕರಣದಂತೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆ. ‘ನಮ್ಮ ಶಾಲೆಯ ಮಾನ’ ಎಂದು ಮುಚ್ಚಿಡುತ್ತಿದ್ದ ಮುಖ್ಯೋಪಾಧ್ಯಾಯರಿಗೆ ಈಗ ಮುಚ್ಚಿಡುವುದೇ ಅಪರಾಧ. ದೆಹಲಿಯ 2012ರ ಡಿಸೆಂಬರ್‌ನ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ನೇಮಕವಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಕೆಂದೂ ಹೇಳಿತು. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ಸುದ್ದಿಗೆ ಪೋಷಕರು ಬೀದಿಗಿಳಿದರು. ಆಮೇಲೆ ರಾಜ್ಯದಲ್ಲಿ ಮಕ್ಕಳ ರಕ್ಷಣೆಯ ಮಾರ್ಗಸೂಚಿಗಳು, ಸುರಕ್ಷತಾ ಸಮಿತಿಗಳು, ಸಲಹಾಪೆಟ್ಟಿಗೆಗಳು ಬಂದವು. ಗೋಡೆಯ ಮೇಲೆ 1098 ಎಂಬ ಸಹಾಯವಾಣಿ ಸಂಖ್ಯೆ ಬಂತು. ಮಕ್ಕಳನ್ನು ಪೊಲೀಸ್ ಠಾಣೆಗೆ ಕರೆದೊಯ್ದು ಮಾತಾಡಿಸುವ ‘ತೆರೆದ ಮನೆ’ ಕಾರ್ಯಕ್ರಮದಲ್ಲೂ ಪೋಕ್ಸೊ ಪಾಠ ಸೇರಿತು. ಒಂಬತ್ತನೆಯ ತರಗತಿಯ ಹುಡುಗಿ ‘ಲೈಂಗಿಕ’ ಎಂಬ ಪದವನ್ನು ದೊಡ್ಡವರ ಬಾಯಿಂದ ಅಧಿಕೃತವಾಗಿ ಮೊದಲು ಕೇಳುವುದು ಹಲವು ಕಡೆ ಸಬ್‌ಇನ್‌ಸ್ಪೆಕ್ಟರ ಬಾಯಲ್ಲಿ. ಇದು ವಿಚಿತ್ರ, ಆದರೆ ನಿಜ.

2020ರ ಪೋಕ್ಸೊ ನಿಯಮಗಳ 3ನೇ ನಿಯಮ ಇಲ್ಲಿ ಮುಖ್ಯ. ಮಕ್ಕಳಿಗೆ ಸ್ವಂತ ಸುರಕ್ಷತೆಯ ಬಗ್ಗೆ ವಯಸ್ಸಿಗೆ ತಕ್ಕ ಪಠ್ಯ ಮತ್ತು ಸಾಮಗ್ರಿಯನ್ನು ಕೇಂದ್ರ ಹಾಗೂ ರಾಜ್ಯ ಸರಕಾರಗಳು ಸಿದ್ಧಪಡಿಸಬೇಕೆಂದು ಅದು ವಿಧಿಸುತ್ತದೆ. ಈ ವಿಷಯದಲ್ಲಿ ಕರ್ನಾಟಕದ ಶಾಲೆಗೆ ಅನ್ವಯಿಸುವ ಕಾನೂನಿನ ಬಲವುಳ್ಳ ಮಾತುಗಳಲ್ಲಿ ಇದಕ್ಕಿಂತ ನೇರವಾದದ್ದಿಲ್ಲ.

ಕಾಯ್ದೆಗೆ ಇನ್ನೊಂದು ಮುಖವಿದೆ. ಒಪ್ಪಿಗೆಯ ವಯಸ್ಸು ಹಿಂದೆ 16 ಇತ್ತು, ಈಗ 18. ಪರಸ್ಪರ ಒಲಿದು ಓಡಿಹೋದ ಹುಡುಗನೂ ಪೋಕ್ಸೊ ಆರೋಪಿಯೇ. ಅಂಥದೊಂದು ಪ್ರಕರಣ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂತು. ಹುಡುಗಿಗೆ ಆಗ 17. ಪ್ರಕರಣ ಮೇಲ್ಮನವಿಗೆ ಬರುವಷ್ಟರಲ್ಲಿ ಇಬ್ಬರೂ ಮದುವೆಯಾಗಿ ಮಕ್ಕಳಿದ್ದರು. 2022ರ ನವೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರ ಪೀಠ ಬಿಡುಗಡೆಯ ತೀರ್ಪನ್ನು ಎತ್ತಿಹಿಡಿಯಿತು. ಜತೆಗೆ, ಕನಿಷ್ಠ ಒಂಬತ್ತನೆಯ ತರಗತಿಯಿಂದ ಪೋಕ್ಸೊ ಮತ್ತು ದಂಡಸಂಹಿತೆಯ ತಿಳಿವಳಿಕೆ ಕೊಡಲು ಪಠ್ಯಸಾಮಗ್ರಿ ಸಿದ್ಧಪಡಿಸಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿತು, ವಯಸ್ಸಿನ ಮಿತಿಯನ್ನು ಮರುಚಿಂತಿಸಲು ಕಾನೂನು ಆಯೋಗವನ್ನು ಕೇಳಿತು. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ಅವರ ಅಧ್ಯಕ್ಷತೆಯ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ 283ನೇ ವರದಿ ವಯಸ್ಸನ್ನು ಇಳಿಸಲು ಒಪ್ಪಲಿಲ್ಲ. 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಹೀಗೆ, ಕಾನೂನು ಗೊತ್ತಿಲ್ಲದೆ ಸಿಕ್ಕಿಬಿದ್ದವರ ಮೊಕದ್ದಮೆಯಿಂದ ರಾಜ್ಯಕ್ಕೊಂದು ಪಠ್ಯಸೂಚನೆ ಹುಟ್ಟಿತು.

ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರ್ 23ರಂದು ಮಕ್ಕಳ ಅಶ್ಲೀಲ ದೃಶ್ಯಗಳ ಕುರಿತ ತೀರ್ಪಿನಲ್ಲಿ, ಲೈಂಗಿಕ ಶಿಕ್ಷಣ ಪಾಶ್ಚಾತ್ಯರದು ಎಂಬುದು ತಪ್ಪು ಗ್ರಹಿಕೆಯೆಂದು ಹೇಳಿ, ಸಮಗ್ರ ಕಾರ್ಯಕ್ರಮ ರೂಪಿಸಲು ತಜ್ಞರ ಸಮಿತಿಯ ಯೋಚನೆ ಮಾಡುವಂತೆ ಕೇಂದ್ರಕ್ಕೆ ಸಲಹೆ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ, ಉತ್ತರಪ್ರದೇಶದ ಬಾಲಕನೊಬ್ಬನ ಪ್ರಕರಣದಲ್ಲಿ, ಒಂಬತ್ತನೆಯ ತರಗತಿಯವರೆಗೆ ಕಾಯದೆ ಇನ್ನೂ ಚಿಕ್ಕ ವಯಸ್ಸಿನಲ್ಲೇ ಆರಂಭಿಸಬೇಕೆಂದಿತು.

ಪುಸ್ತಕದಲ್ಲಿ ಇರುವುದು

ಕರ್ನಾಟಕ ಕಳೆದ ದಶಕದ ಕೊನೆಯ ವರ್ಷಗಳಲ್ಲಿ ಎನ್‌ಸಿಇಆರ್‌ಟಿಯ ವಿಜ್ಞಾನ ಪುಸ್ತಕಗಳನ್ನು ಕನ್ನಡಕ್ಕೆ ತಂದು ಬಳಸತೊಡಗಿತು. ಎಂಟನೆಯ ತರಗತಿಯ ಪುಸ್ತಕದಲ್ಲಿ ‘ಹದಿಹರೆಯಕ್ಕೆ ಪ್ರವೇಶ’ ಎಂಬ ಪಾಠ ಬಂದದ್ದು ಹಾಗೆ. ಎತ್ತರ ಹೆಚ್ಚುವುದು, ದನಿ ಒಡೆಯುವುದು, ಮೊಡವೆ, ಹಾರ್ಮೋನು, ಋತುಚಕ್ರ, ಮಗುವಿನ ಲಿಂಗ ನಿರ್ಧಾರವಾಗುವ ರೀತಿ ಇವು ಅದರಲ್ಲಿವೆ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದಕ್ಕೆ ತಂದೆಯ ವರ್ಣತಂತು ಕಾರಣ, ತಾಯಿಯನ್ನು ದೂರುವುದು ತಪ್ಪು ಎಂದು ಆ ಪಾಠ ಹೇಳುತ್ತದೆ. ಈ ಒಂದು ವಾಕ್ಯ ಮನೆಗೆ ತಲುಪಿದರೂ ಪಾಠ ಸಾರ್ಥಕ. ಹತ್ತನೆಯ ತರಗತಿಯ ‘ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?’ ಎಂಬ ಪಾಠ ಅಮೀಬಾ, ಯೀಸ್ಟ್, ದಾಸವಾಳದ ಹೂವು ದಾಟಿ ಮನುಷ್ಯರಿಗೆ ಬರುತ್ತದೆ. ಗರ್ಭನಿರೋಧಕ ವಿಧಾನಗಳು, ಎಚ್‌ಐವಿ, ಹೆಣ್ಣುಭ್ರೂಣ ಹತ್ಯೆಯ ಮಾತು ಅಲ್ಲಿದೆ. ವೆಂಕಯ್ಯ ನಾಯ್ಡು ಸಮಿತಿ ಪಿಯುಸಿಗೆ ತಳ್ಳಬೇಕೆಂದದ್ದು ಎಸ್ಸೆಸ್ಸೆಲ್ಸಿ ಪುಸ್ತಕದಲ್ಲೇ ಉಳಿದಿದೆ, ಅದೂ ಪರೀಕ್ಷೆಯ ಪ್ರಶ್ನೆಯಾಗಿ.

ಪರೀಕ್ಷೆ ಇಲ್ಲಿ ಉಪಕಾರವನ್ನೂ ಅಪಕಾರವನ್ನೂ ಮಾಡಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ಫಲಿತಾಂಶದೊಡನೆ ರಾಜ್ಯಕ್ಕೆ ಮೊದಲಾದ ಉಡುಪಿ ಜಿಲ್ಲೆಯಲ್ಲಿ ಅಂಕವಿರುವ ಪಾಠವನ್ನು ಬಿಡುವ ಶಾಲೆ ಇರಲಾರದು. ಆದರೆ ಪಾಠ ಚಿತ್ರ ಬರೆದು ಭಾಗ ಗುರುತಿಸುವಲ್ಲಿಗೆ ನಿಲ್ಲುತ್ತದೆ. ಅಂಡಾಶಯ, ಗರ್ಭಕೋಶ, ವೃಷಣ ಎಂಬ ಸಂಸ್ಕೃತ ಪದಗಳು ಇಲ್ಲಿ ಬಚ್ಚಿಟ್ಟುಕೊಳ್ಳಲು ಒಳ್ಳೆಯ ಮರೆ. ಬಾಣದ ಗುರುತು ಹಾಕಿ ಅವನ್ನು ಬರೆಯುವ ಹುಡುಗ ಹುಡುಗಿಯರಿಗೆ ಅವು ತಮ್ಮ ಮೈಯ ಭಾಗಗಳೆಂಬ ಭಾವ ಬಾರದೆಯೂ ಪೂರ್ಣಾಂಕ ಬರಬಹುದು. ಸ್ವಪ್ನಸ್ಖಲನ ರೋಗವೇ, ಎಲ್ಲರಿಗೂ ಮುಟ್ಟು 28 ದಿನಕ್ಕೇ ಬರಬೇಕೇ, ಮೊಬೈಲಿನಲ್ಲಿ ನೋಡಿದ್ದು ನಿಜವೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಜಾಗ ಪರೀಕ್ಷೆಯ ನೀಲನಕಾಶೆಯಲ್ಲಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯ ಕರಡಿನ ಕತೆಯೂ ಇಲ್ಲಿ ಹೇಳತಕ್ಕದ್ದು. ಬೆಂಗಳೂರಿನ ವಿಜ್ಞಾನಿ ಕೆ. ಕಸ್ತೂರಿರಂಗನ್ ಅಧ್ಯಕ್ಷತೆಯಲ್ಲಿ 2019ರಲ್ಲಿ ಸಿದ್ಧವಾದ ಕರಡಿನಲ್ಲಿ ಪ್ರೌಢಹಂತದಲ್ಲಿ ಲೈಂಗಿಕ ಶಿಕ್ಷಣ ಇರಬೇಕೆಂಬ ಸ್ಪಷ್ಟ ವಾಕ್ಯವಿತ್ತು. ಒಪ್ಪಿಗೆ, ಕಿರುಕುಳ, ಮಹಿಳೆಯರ ಬಗ್ಗೆ ಗೌರವ, ಕುಟುಂಬ ಯೋಜನೆಗಳನ್ನು ಅದು ಹೆಸರಿಸಿತ್ತು. 2020ರಲ್ಲಿ ಒಪ್ಪಿಗೆಯಾದ ಅಂತಿಮ ನೀತಿಯಲ್ಲಿ ಆ ವಾಕ್ಯ ಕಾಣುವುದಿಲ್ಲ.

ಆರೋಗ್ಯ ಇಲಾಖೆಯ ದಾರಿ

ಶಿಕ್ಷಣ ಇಲಾಖೆಯ ಬಾಗಿಲು ಮುಚ್ಚಿದ್ದಾಗ ವಿಷಯ ಶಾಲೆಯೊಳಗೆ ಬಂದದ್ದು ಔಷಧದ ಪೆಟ್ಟಿಗೆಯೊಡನೆ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ ಮೀಸಲು. ಅದರ ಸಮಾಲೋಚನಾ ಕೇಂದ್ರಗಳಿಗೆ ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂದು ಹೆಸರು. ವಾರಕ್ಕೊಮ್ಮೆ ನುಂಗಿಸುವ ಕಬ್ಬಿಣಾಂಶದ ನೀಲಿ ಮಾತ್ರೆ ಎಲ್ಲ ಮಕ್ಕಳಿಗೂ ಗೊತ್ತು. ಹೆಣ್ಣುಮಕ್ಕಳಿಗೆ ಉಚಿತ ನ್ಯಾಪ್‌ಕಿನ್ ಕೊಡುವ ರಾಜ್ಯದ ‘ಶುಚಿ’ ಯೋಜನೆ ಕಳೆದ ದಶಕದ್ದು. ಕೋವಿಡ್ ಕಾಲದಲ್ಲಿ ನಿಂತು ಕೆಲವು ವರ್ಷಗಳ ಮೇಲೆ ಮತ್ತೆ ಚಾಲೂ ಆಯಿತು. ನೆರೆಯ ದಕ್ಷಿಣ ಕನ್ನಡದಲ್ಲಿ, ಚಾಮರಾಜನಗರದಲ್ಲಿ ಮುಟ್ಟಿನ ಕಪ್ ಹಂಚುವ ಪ್ರಯೋಗವೂ ನಡೆಯಿತು.

ಪ್ಯಾಡ್ ಹಂಚಲು ಬರುವ ಆರೋಗ್ಯ ಕಾರ್ಯಕರ್ತೆ ನಾಲ್ಕು ಮಾತು ಹೇಳಿಯೇ ಹೋಗುತ್ತಾಳೆ. ಆಗ ಗಂಡುಮಕ್ಕಳನ್ನು ಆಟದ ಬಯಲಿಗೆ ಕಳಿಸುವುದು ಹಲವು ಕಡೆಯ ರೂಢಿ. ಬಯಲಿನಲ್ಲಿ ಅವರು ಕಬಡ್ಡಿ ಆಡುತ್ತಾ ಒಳಗೆ ಏನು ನಡೆದಿದೆಯೆಂದು ತಮ್ಮೊಳಗೇ ಊಹಿಸುತ್ತಾರೆ. ಯೋಜನೆಗಳೆಲ್ಲ ಮುಟ್ಟಿನ ಸುತ್ತ ಬೆಳೆದದ್ದರಿಂದ ಹುಡುಗರು ಈ ಶಿಕ್ಷಣದ ಹೊರಗೇ ಉಳಿದರು. ದೌರ್ಜನ್ಯಕ್ಕೆ ಒಳಗಾದ ಗಂಡುಮಕ್ಕಳ ಬಗ್ಗೆ 2007ರ ಅಧ್ಯಯನ ಹೇಳಿದ್ದನ್ನು ನೆನೆದರೆ ಇದು ಸಣ್ಣ ಕೊರತೆಯಲ್ಲ.

2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದಡಿ ಶಾಲಾ ಆರೋಗ್ಯ ಮತ್ತು ಯೋಗಕ್ಷೇಮ ಕಾರ್ಯಕ್ರಮ ಬಂತು. ಶಾಲೆಗೆ ಇಬ್ಬರು ಶಿಕ್ಷಕರು, ಆದಷ್ಟು ಒಬ್ಬ ಗಂಡು ಒಬ್ಬ ಹೆಣ್ಣು, ‘ಆರೋಗ್ಯ ರಾಯಭಾರಿ’ಗಳಾಗಿ ತರಬೇತಿ ಪಡೆಯಬೇಕು. 11 ವಿಷಯಗಳಲ್ಲಿ ಬೆಳೆಯುವ ದೇಹ, ಮನಸ್ಸು, ಸಂಬಂಧಗಳು, ಲಿಂಗ ಸಮಾನತೆ, ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆ, ಅಂತರ್ಜಾಲದ ಸುರಕ್ಷಿತ ಬಳಕೆ ಸೇರಿವೆ. 2005ರ ಕಾರ್ಯಕ್ರಮದಲ್ಲಿದ್ದ ಹೆಚ್ಚಿನ ವಿಷಯವೂ ಹೊಸ ಅಂಗಿ ತೊಟ್ಟು ಮರಳಿದೆ. ಈ ಸಲ ಬೀದಿಯಲ್ಲಿ ಗಲಾಟೆ ಆಗಲಿಲ್ಲ, ಏಕೆಂದರೆ ‘ಲೈಂಗಿಕ ಶಿಕ್ಷಣ’ ಎಂಬ ಹಣೆಪಟ್ಟಿ ಎಲ್ಲೂ ಇರಲಿಲ್ಲ.

ಕುಂದಾಪುರದ ಮಕ್ಕಳ ಪಂಚಾಯಿತಿ

ಮಕ್ಕಳಿಗೆ ಏನು ತಿಳಿಸಬೇಕೆಂದು ದೊಡ್ಡವರು ಜಗಳವಾಡುತ್ತಿದ್ದಾಗ ಮಕ್ಕಳೇ ಮಾತಾಡಿದ ಉದಾಹರಣೆ ಈ ಸೀಮೆಯದು. ದುಡಿಯುವ ಮಕ್ಕಳ ಪರವಾಗಿ ಕೆಲಸ ಮಾಡುವ ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯೂ, ದುಡಿಯುವ ಮಕ್ಕಳದೇ ಆದ ಭೀಮ ಸಂಘವೂ 1990ರ ದಶಕದ ನಡುವಿನಲ್ಲಿ ಆಗಿನ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿದವು. ಕೆರಾಡಿ, ಆಲೂರು, ಯಡ್ತರೆಯ ನೆರೆಯ ಉಪ್ಪುಂದ ಆ ಪ್ರಯೋಗದ ಊರುಗಳಲ್ಲಿ ಸೇರಿವೆ. ಮಕ್ಕಳೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ, ಶಾಲೆಗೆ ಹೋಗುವ ದಾರಿಯ ಸಾರಾಯಿ ಅಂಗಡಿ, ಬಾಲ್ಯವಿವಾಹ ಇವೆಲ್ಲ ಅವರ ಸಭೆಗೆ ಬಂದವು.

ಹುಡುಗಿಯರು ಕಾಲುಸಂಕದ ಮಾತಿನ ಜತೆಗೇ ಮದುವೆಯ ವಯಸ್ಸಿನ ಮಾತನ್ನೂ ಎತ್ತಿದ್ದು ಈ ಲೇಖನದ ವಿಷಯಕ್ಕೆ ನೇರವಾಗಿ ಸೇರುತ್ತದೆ. ಲೈಂಗಿಕ ಶಿಕ್ಷಣವೆಂದರೆ ದೇಹದ ಚಿತ್ರಪಟ ಎಂದುಕೊಂಡವರಿಗೆ ಅದು ತೋರದಿರಬಹುದು. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಶೇ. 21.3 ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಲೆಕ್ಕ ಕೊಟ್ಟಿದೆ. ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಸಮಿತಿಯ ವರದಿಯ (2011) ಬೆನ್ನಿಗೆ ರಾಜ್ಯ ತಂದ ತಿದ್ದುಪಡಿಯಿಂದ ಇಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಮಕ್ಕಳ ಪಂಚಾಯಿತಿಯ ಅನುಭವದಿಂದ ಬೆಳೆದ ಮಕ್ಕಳ ಗ್ರಾಮಸಭೆ ಈಗ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಅನ್ವಯಿಸುವ ನಿಯಮ. ಶೌಚಾಲಯಕ್ಕೆ ಚಿಲಕ ಬೇಕು, ನೀರು ಬೇಕು, ಬಳಸಿದ ಪ್ಯಾಡ್ ಹಾಕಲು ಜಾಗ ಬೇಕು ಎಂಬುದನ್ನು ಅಧ್ಯಕ್ಷರೂ ಪಿಡಿಒ ಅವರೂ ಕುಳಿತ ವೇದಿಕೆಯೆದುರು ಹನ್ನೆರಡರ ಹುಡುಗಿ ಮೈಕು ಹಿಡಿದು ಹೇಳಬಲ್ಲ ಜಾಗ ಅದು.

ಗಡಿಯಾಚೆ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯವನ್ನು ಕನ್ನಡದಲ್ಲಿ. ಕೇರಳ ಹೈಕೋರ್ಟು 2022ರಲ್ಲಿ ಪೋಕ್ಸೊ ತಿಳಿವಳಿಕೆಯನ್ನು ಪಠ್ಯದಲ್ಲಿ ಸೇರಿಸಲು ಗಡುವು ಹಾಕಿ ಸೂಚಿಸಿದ್ದರಿಂದ ಅವರ ಪಾಠದ ದಾರಿ ಬೇರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇನ್ನೊಂದು ಬಗೆ. ಕ್ಯಾಲಿಫೋರ್ನಿಯಾದ 2016ರಿಂದ ಜಾರಿಯಲ್ಲಿರುವ ಕಾನೂನಿನಂತೆ 7ರಿಂದ 12ನೇ ತರಗತಿಯ ನಡುವೆ ಎರಡು ಸಲ ಈ ಶಿಕ್ಷಣ ಕಡ್ಡಾಯ, ಬೇಡವೆನ್ನುವ ಪೋಷಕರು ಬರೆದುಕೊಡಬಹುದು. ಸ್ವೀಡನ್ 1955ರಲ್ಲೇ ಕಡ್ಡಾಯ ಮಾಡಿತು, ಇಂಗ್ಲೆಂಡ್ 2020ರಲ್ಲಿ. ಭಾರತದೊಳಗೆ ಜಾರ್ಖಂಡ್ 2007ರ ಗಾಳಿಗೆ ಬಗ್ಗದೆ ‘ಉಡಾನ್’ ಎಂಬ ಹೆಸರಿನಲ್ಲಿ ಮುಂದುವರಿಸಿತು. ಅಲ್ಲೂ ಕೆಲಸ ಮಾಡಿದ್ದು ಹೆಸರು.

ಇತ್ತೀಚಿನ ಸ್ಥಿತಿ

2025ರ ಮಾರ್ಚ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ 8ರಿಂದ 12ನೇ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡುವುದಾಗಿ ವಿಧಾನಮಂಡಲದಲ್ಲಿ ಪ್ರಕಟಿಸಿದರು. ವಾರಕ್ಕೆರಡು ತರಗತಿ, ಪಾಠ ಮಾಡುವವರು ವೈದ್ಯರು ಮತ್ತು ಆರೋಗ್ಯ ಸಿಬ್ಬಂದಿ, ವರ್ಷಕ್ಕೆರಡು ಸಲ ಆರೋಗ್ಯ ತಪಾಸಣೆ, ಜತೆಗೆ ನೈತಿಕ ಶಿಕ್ಷಣ. ಸರಕಾರಿ ಮಾತಿನಲ್ಲಿ ಆ ಪದ ಮರೆಯಿಲ್ಲದೆ ಬಂದದ್ದು ಹದಿನೆಂಟು ವರ್ಷದಲ್ಲಿ ಗಮನಾರ್ಹ ಬದಲಾವಣೆ. ಅದರ ಬೆನ್ನಿಗೇ ‘ನೈತಿಕ’ವೂ ಬಂತು, 1983ರ ಅಧಿನಿಯಮದ ಅದೇ ಜೋಡಿ. 

ಪಾಠವನ್ನು ವೈದ್ಯರಿಗೆ ವಹಿಸಿದ್ದರಲ್ಲಿ ಶಿಕ್ಷಕರ ಮುಜುಗರಕ್ಕೆ ಮದ್ದಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಬೈಂದೂರಿನ ಸಮುದಾಯ ಆರೋಗ್ಯ ಕೇಂದ್ರವೂ ಸುತ್ತಲಿನ ಪ್ರಾಥಮಿಕ ಕೇಂದ್ರಗಳೂ ಜೂನ್ ಹಿಡಿದ ಮಳೆಯೊಡನೆ ಡೆಂಗಿ, ಇಲಿಜ್ವರಗಳ ಬೆನ್ನು ಹತ್ತುತ್ತವೆ. ಲಸಿಕೆ, ಬಾಣಂತಿಯರು, ಹೊರರೋಗಿಗಳ ಸಾಲು ವರ್ಷವಿಡೀ. ಶಾಲೆ ಆರಂಭವಾಗುವುದೂ ಅದೇ ಹೊತ್ತಿಗೆ. ಅಲ್ಲಿಯ ವೈದ್ಯರು ವಾರಕ್ಕೆರಡು ಸಲ ಪ್ರತಿ ಪ್ರೌಢಶಾಲೆಯ ಪ್ರತಿ ತರಗತಿಗೂ ಹೋಗಿ ನಿಲ್ಲಬೇಕೆಂದರೆ ಆಸ್ಪತ್ರೆಗೆ ಬೀಗ ಹಾಕಬೇಕು. ವೈದ್ಯರು ಬಾರದ ದಿನ ಎಂಟನೆಯ ತರಗತಿಗೆ ಬರುವವರು ಅದೇ ವಿಜ್ಞಾನದ ಟೀಚರ್, ಕೈಯಲ್ಲಿ ‘ಹದಿಹರೆಯಕ್ಕೆ ಪ್ರವೇಶ’ದ ಪುಟ.